ಉಪ್ಪು, ಬಾದಾಮಿ ಎಲೆ, ಬೆಳ್ಳುಳ್ಳಿ, ಬೇವು: ಅಕ್ವೇರಿಯಂ ಮೀನಿನ ಕಾಯಿಲೆಗೆ ಯಾವ ಮನೆಮದ್ದು?

ಮೀನಿನ ಮೈ ಮೇಲೆ ಬಿಳಿ ಚುಕ್ಕೆ ಬಂದಿದೆ ಅಂತ ಕಲಬುರಗಿಯಲ್ಲಿ ನಾಲ್ಕು ಮಂದಿಯನ್ನು ಕೇಳಿ ನೋಡಿ. ಒಬ್ಬರು ಕಲ್ಲುಪ್ಪು ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಚಿಟಿಕೆ ಅರಿಶಿನ ಸಾಕು ಅನ್ನುತ್ತಾರೆ. ಮನೆಯ ಹಿರಿಯರು ಬೇವಿನ ಎಲೆ ಕಡೆ ಕೈ ತೋರಿಸುತ್ತಾರೆ. ಅಂಗಡಿಯವರು ನೀಲಿ ಔಷಧಿಯ ಚಿಕ್ಕ ಬಾಟಲಿ ಕೊಡುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಇವುಗಳಲ್ಲಿ ಒಂದು ಮೀನನ್ನು ಉಳಿಸಬಹುದು, ಇನ್ನೊಂದು ಅದೇ ಮೀನನ್ನು ರಾತ್ರಿ ಬೆಳಗಾಗುವುದರೊಳಗೆ ಕೊಲ್ಲಬಹುದು.

ಮನೆಮದ್ದು ಆರಿಸುವ ಮೊದಲು ಮೂರು ವಿಷಯ ಗೊತ್ತಿರಬೇಕು. ಕಾಯಿಲೆ ಯಾವುದು, ಮೀನು ಯಾವುದು, ನೀರು ಎಂಥದ್ದು. ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ಕಡಿಮೆ. ವಿಡಿಯೋಗಳಲ್ಲಿ ಸಿಗುವ ಸಲಹೆ ಬಹಳ ಸಲ ಮೆದು ನೀರಿಗೆ, ತಂಪು ಹವೆಗೆ ಹೊಂದುವಂಥದ್ದು. ನಮ್ಮ ಕಡೆ ಬೋರಿನ ನೀರು ಗಡಸು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಮದ್ದು ಇಲ್ಲಿ ಬೇರೆ ರೀತಿ ಕೆಲಸ ಮಾಡುತ್ತದೆ. ಅದಕ್ಕೇ ಈ ಹೋಲಿಕೆಯನ್ನು ನಮ್ಮ ನೀರು, ನಮ್ಮ ಬಿಸಿಲನ್ನು ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಮದ್ದಿಗಿಂತ ಮೊದಲು ನೀರು

ಕಾಯಿಲೆ ಅಂತ ನಾವು ತಿಳಿಯುವ ಎಷ್ಟೋ ಪ್ರಕರಣ ಕಾಯಿಲೆಯೇ ಆಗಿರುವುದಿಲ್ಲ. ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದೆ, ಕಿವಿರು ಕೆಂಪಾಗಿದೆ, ಮೂಲೆಯಲ್ಲಿ ಸುಮ್ನೆ ನಿಂತಿದೆ ಎಂದರೆ ಮೊದಲು ಅಮೋನಿಯಾದ ಮೇಲೆ ಅನುಮಾನ ಪಡಿ. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ.

ಈ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಷ್ಟೇನೂ ಅಪಾಯ ಇಲ್ಲದ್ದು, ಇನ್ನೊಂದು ವಿಷ. ಪಿಎಚ್, ಅಂದರೆ ನೀರಿನ ಹುಳಿ, ಕ್ಷಾರದ ಅಳತೆ, 7 ಇದ್ದು ನೀರು 25 ಡಿಗ್ರಿ ಇದ್ದರೆ ವಿಷದ ಪಾಲು ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8, ನೀರು 30 ಡಿಗ್ರಿ ಆದರೆ ಅದು ಶೇಕಡಾ 7ರ ಆಸುಪಾಸಿಗೆ ಏರುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7.5ರಿಂದ 8ರ ಮೇಲೆಯೇ ಇರುತ್ತದೆ. ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಯ ಟ್ಯಾಂಕಿನಲ್ಲಿ ಅಷ್ಟೇ ಅಮೋನಿಯಾ ಹತ್ತು ಪಟ್ಟಿಗಿಂತ ಜಾಸ್ತಿ ವಿಷವಾಗಬಹುದು. ಅದರ ಜೊತೆಗೆ ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಯಾವ ಮದ್ದಿಗಾದರೂ ಮೊದಲ ಹೆಜ್ಜೆ ಒಂದೇ. ಮೂರನೇ ಒಂದು ಪಾಲು ನೀರು ಬದಲಿಸಿ, ತಳದ ಕಸವನ್ನು ಪೈಪಿನಿಂದ ಎಳೆದು ತೆಗೆಯಿರಿ, ಒಂದು ದಿನ ಆಹಾರ ನಿಲ್ಲಿಸಿ. ಅರ್ಧದಷ್ಟು ತೊಂದರೆ ಇಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ನಂಬಿಕೆ.

ಹಾಕುವ ನೀರಿನ ಬಗ್ಗೆ ಒಂದು ಮಾತು. ಕಲಬುರಗಿ ನಗರಕ್ಕೆ ಭೀಮಾ ನದಿಯಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ನೀರು ಬರುತ್ತದೆ. ಆ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ತೆರೆದಿಟ್ಟು, ಏರ್ ಸ್ಟೋನ್ ಬಿಟ್ಟು ಒಂದು ದಿನ ಬಿಡಿ. ಅವಸರ ಇದ್ದರೆ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದರೆ ಅದು ಹೆಚ್ಚಾಗಿ ಬೋರಿನದು. ಕ್ಲೋರಿನ್ ಇರಲಿಕ್ಕಿಲ್ಲ, ಆದರೆ ಗಡಸುತನ ಏಕಾಏಕಿ ಬದಲಾಗುತ್ತದೆ. ಆಗ ಒಂದೇ ಸಲ ಅರ್ಧ ಟ್ಯಾಂಕ್ ಬದಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಬದಲಿಸಿ.

ಇನ್ನೊಂದು ನಮ್ಮ ಊರಿನದೇ ವಿಷಯ. ಶಹಾಬಾದ್ ಫರ್ಸಿಯ ತುಂಡನ್ನು ಅಲಂಕಾರಕ್ಕೆಂದು ಟ್ಯಾಂಕಿನಲ್ಲಿ ಇಡುವವರಿದ್ದಾರೆ. ನೋಡಲು ಛಲೋ ಕಾಣುತ್ತದೆ. ಆದರೆ ಅದು ಸುಣ್ಣದ ಕಲ್ಲು. ನಿಧಾನವಾಗಿ ಕರಗಿ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಮೋಲಿ, ಗಪ್ಪಿಗಳಿಗೆ ಅದರಿಂದ ತೊಂದರೆ ಇಲ್ಲ. ಮೆದು ನೀರಿನ ಮೀನುಗಳಾದ ಟೆಟ್ರಾ, ಏಂಜೆಲ್ ಸಾಕುವವರು ತೆಗೆದುಬಿಡಿ.

ಇದು ಯಾವ ಕಾಯಿಲೆ?

ಎಲ್ಲ ಬಿಳಿಯೂ ಒಂದೇ ಕಾಯಿಲೆ ಅಲ್ಲ. ಮದ್ದು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಪುಡಿ ಉಪ್ಪು ಉದುರಿಸಿದಂತೆ ಬಿಡಿ ಬಿಡಿ ಬಿಳಿ ಕಾಳು ಮೈ ಮೇಲೆ, ರೆಕ್ಕೆಯ ಮೇಲೆ ಕಂಡರೆ ಅದು ಇಕ್. ಒಂದು ಪರೋಪಜೀವಿಯಿಂದ ಬರುವ ರೋಗ. ಮೀನು ಕಲ್ಲಿಗೆ, ಗಿಡಕ್ಕೆ ಮೈ ಉಜ್ಜುತ್ತದೆ. ಗಾಯದ ಜಾಗದಲ್ಲಿ ಹತ್ತಿಯಂತೆ ಎಳೆ ಎಳೆಯಾಗಿ ಬೆಳೆದಿದ್ದರೆ ಅದು ಬೂಸ್ಟು, ಅಂದರೆ ಫಂಗಸ್. ಬಾಯಿಯ ಸುತ್ತ ಅಥವಾ ಬೆನ್ನಿನ ಅಡ್ಡಕ್ಕೆ ಬೂದು ಬಿಳಿ ಪಟ್ಟೆ ಬಂದು, ಅದು ದಿನಕ್ಕೆ ದಿನ ಹರಡುತ್ತಿದ್ದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಇದನ್ನು ಫಂಗಸ್ ಅಂದುಕೊಂಡು ಕೂತವರೇ ಜಾಸ್ತಿ. ರೆಕ್ಕೆಯ ಅಂಚು ಬಿಳಿಯಾಗಿ ಹರಿದು ಸವೆಯುತ್ತಿದ್ದರೆ ರೆಕ್ಕೆ ಕೊಳೆತ. ಟಾರ್ಚ್ ಬಿಟ್ಟು ಓರೆಯಾಗಿ ನೋಡಿದಾಗ ಚಿನ್ನದ ಬಣ್ಣದ ಧೂಳು ಮೈಗೆ ಹತ್ತಿದ್ದು ಕಂಡರೆ ಅದು ವೆಲ್ವೆಟ್. ಹೊಟ್ಟೆ ಊದಿ, ಮೇಲಿನಿಂದ ನೋಡಿದರೆ ಹುರುಪೆಗಳು ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ದಾರದಂಥ ಹುಳು ಮೈಯಿಂದ ನೇತಾಡುತ್ತಿದ್ದರೆ ಆಂಕರ್ ವರ್ಮ್. ಇದಕ್ಕೆ ಯಾವ ಎಲೆಯೂ ಯಾವ ಬೇರೂ ಕೆಲಸ ಮಾಡುವುದಿಲ್ಲ. ಚಿಮಟದಿಂದ ಬುಡ ಸಮೇತ ಕಿತ್ತು, ಅಂಗಡಿಯ ಔಷಧಿ ಹಾಕಬೇಕು. ಕೆರೆಯ ಪಾಚಿ, ಗಿಡವನ್ನು ಟ್ಯಾಂಕಿಗೆ ತಂದರೆ ಇಂಥ ಹುಳುವೂ ಜೊತೆಗೆ ಬರಬಹುದು.

ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಾಳೋ, ಎಳೆಯೋ, ಪಟ್ಟೆಯೋ ಎಂಬುದು ಗೊತ್ತಾದರೆ ಮುಂದಿನ ಆಯ್ಕೆ ಸುಲಭ.

ಕಲ್ಲುಪ್ಪು: ನನ್ನ ಮೊದಲ ಆಯ್ಕೆ

ಒಂದೇ ಮನೆಮದ್ದು ಇಟ್ಟುಕೊಳ್ಳಬಹುದು ಅಂದರೆ ನಾನು ಉಪ್ಪನ್ನೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಕಾರಣ ಇದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಜಾಸ್ತಿ ಉಪ್ಪು ಇರುತ್ತದೆ. ಹಾಗಾಗಿ ನೀರು ಸದಾ ಅದರ ಮೈಯೊಳಗೆ ನುಗ್ಗುತ್ತಿರುತ್ತದೆ. ಅದನ್ನು ಹೊರಹಾಕಲು ಮೀನಿನ ಮೂತ್ರಪಿಂಡ ಹಗಲು ರಾತ್ರಿ ದುಡಿಯುತ್ತದೆ. ಚರ್ಮಕ್ಕೆ, ಕಿವಿರಿಗೆ ಗಾಯವಾದಾಗ ಈ ಕೆಲಸ ಇನ್ನೂ ಹೆಚ್ಚುತ್ತದೆ. ನೀರಿಗೆ ಸ್ವಲ್ಪ ಉಪ್ಪು ಸೇರಿದರೆ ಆ ಹೊರೆ ಇಳಿಯುತ್ತದೆ. ಮೀನಿನ ಮೈಯ ಲೋಳೆ ಹೆಚ್ಚುತ್ತದೆ. ಇಕ್ ಪರೋಪಜೀವಿಯ ಈಜುವ ಮರಿಗಳು ಅದೇ ಉಪ್ಪನ್ನು ತಾಳಲಾರದೆ ಸಾಯುತ್ತವೆ.

ಹೊಸ ಟ್ಯಾಂಕಿನಲ್ಲಿ ಎರಡನೇ, ಮೂರನೇ ವಾರ ಅಮೋನಿಯಾದಿಂದ ಹುಟ್ಟುವ ನೈಟ್ರೈಟ್ ಎಂಬ ಇನ್ನೊಂದು ವಿಷ ಏರುತ್ತದಲ್ವಾ, ಅಲ್ಲಿಯೂ ಉಪ್ಪು ನೆರವಿಗೆ ಬರುತ್ತದೆ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ. ಬೇರೆ ಯಾವ ಮನೆಮದ್ದಿಗೂ ಈ ಗುಣ ಇಲ್ಲ.

ಅಳತೆ ಕಣ್ಣಂದಾಜಿನಲ್ಲಿ ಬೇಡ. ಟ್ಯಾಂಕಿನ ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ಎರಡು ಅಡಿಯ ಟ್ಯಾಂಕ್ 60, 30, 30 ಇದ್ದರೆ 54 ಲೀಟರ್. ಕಲ್ಲು, ಮರಳು ಕಳೆದರೆ ಸುಮಾರು 45 ಲೀಟರ್ ನೀರು. ಇಕ್‌ಗೆ ಲೀಟರಿಗೆ 3 ಗ್ರಾಂ ಬೇಕು. ಅಂದರೆ 135 ಗ್ರಾಂ. ಇದನ್ನು ಒಮ್ಮೆಲೇ ಸುರಿಯಬೇಡಿ. ಮೂರು ಪಾಲು ಮಾಡಿ, ತಲಾ 45 ಗ್ರಾಂ, 12 ಗಂಟೆಗೆ ಒಂದರಂತೆ ಹಾಕಿ. ಪ್ರತಿ ಪಾಲನ್ನೂ ಮಗ್ಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ನಿಧಾನವಾಗಿ ಬಿಡಿ. ಕಿರಾಣಿ ಅಂಗಡಿಯ ಬಿಡಿ ಕಲ್ಲುಪ್ಪಿನಲ್ಲಿ ಮಣ್ಣು, ಕಸ ಇರುವುದುಂಟು. ಹರಳು ಹಾಗೇ ಬಿದ್ದರೆ ತಳದ ಮೀನಿಗೆ ಸುಡುತ್ತದೆ.

ನೀರು ಆವಿಯಾದರೂ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಬಿಸಿಲಿಗೆ ಟ್ಯಾಂಕಿನ ನೀರು ಬೇಗ ಇಳಿಯುತ್ತದೆ. ಇಳಿದ ನೀರಿಗೆ ಬರೀ ನೀರು ತುಂಬಿಸಿ, ಉಪ್ಪು ಬೇಡ. ನೀರು ತೆಗೆದು ಬದಲಿಸಿದಾಗ ಮಾತ್ರ, ತೆಗೆದ ನೀರಿನ ಲೆಕ್ಕದಲ್ಲಿ ಉಪ್ಪು ಸೇರಿಸಿ. ಹತ್ತು ಲೀಟರ್ ತೆಗೆದರೆ 30 ಗ್ರಾಂ. ಇದನ್ನು ಮರೆತರೆ ಬೇಸಿಗೆಯಲ್ಲಿ ಉಪ್ಪು ವಾರದೊಳಗೆ ಅಳತೆ ಮೀರುತ್ತದೆ.

ಅಯೋಡಿನ್ ಉಪ್ಪು ಹಾಕಿದರೆ ಮೀನು ಸಾಯುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ಪಾಕೀಟಿನ ಉಪ್ಪಿನಲ್ಲಿರುವ ಅಯೋಡಿನ್ ತೀರಾ ಕಡಿಮೆ. ಮೇಲೆ ಹೇಳಿದ ಅಳತೆಯಲ್ಲಿ ಹಾಕಿದರೆ ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಕಲ್ಲುಪ್ಪು ಸಿಕ್ಕರೆ ಅದೇ ಒಳ್ಳೆಯದು, ಸಿಗದಿದ್ದರೆ ಪುಡಿ ಉಪ್ಪಿಗೆ ಹೆದರಬೇಡಿ. ಸೈಂಧವ ಉಪ್ಪೂ ಆಗುತ್ತದೆ. ಕಾಲಾ ನಮಕ್ ಮಾತ್ರ ಬೇಡ, ಅದರಲ್ಲಿ ಗಂಧಕದ ಅಂಶ ಇರುತ್ತದೆ.

ಈಗ ಮೀನಿನ ಪ್ರಶ್ನೆ. ಗೋಲ್ಡ್‌ಫಿಶ್, ಕೋಯಿ, ಗಪ್ಪಿ, ಪ್ಲ್ಯಾಟಿ ಲೀಟರಿಗೆ 3 ಗ್ರಾಂ ತಡೆಯುತ್ತವೆ. ಮೋಲಿಗಂತೂ ಉಪ್ಪು ಇಷ್ಟ. ಹುರುಪೆ ಇಲ್ಲದ ಮೀನು, ಅಂದರೆ ಮನೆಗಳಲ್ಲಿ ಶಾರ್ಕ್ ಅಂತ ಸಾಕುವ ಮೀಸೆ ಮೀನು, ಕೋರಿಡೋರಾಸ್, ಲೋಚ್, ಇವಕ್ಕೆ ಉಪ್ಪು ಭಾಳ ಎಚ್ಚರದಿಂದ. ಟೆಟ್ರಾಗಳಿಗೂ ಅಷ್ಟೇ. ಇವು ಇರುವ ಟ್ಯಾಂಕಿನಲ್ಲಿ ಲೀಟರಿಗೆ 1 ಗ್ರಾಂ ದಾಟಬೇಡಿ. ಜೀವಂತ ಗಿಡಗಳು ಇದ್ದರೆ ಅವುಗಳಲ್ಲಿ ಹಲವು ಉಪ್ಪಿನಲ್ಲಿ ಕರಗಿ ಹೋಗುತ್ತವೆ. ಆಗ ಕಾಯಿಲೆ ಬಿದ್ದ ಮೀನನ್ನು ಬೇರೆ ಟಬ್ಬಿಗೆ ಹಾಕಿ ಅಲ್ಲಿ ಉಪ್ಪು ಕೊಡಿ. ಇಕ್ ಮಾತ್ರ ಟಬ್ಬಿನಿಂದ ಮುಗಿಯುವುದಿಲ್ಲ. ಅದರ ಮೊಟ್ಟೆಯಂಥ ಗೂಡು ಟ್ಯಾಂಕಿನ ತಳದಲ್ಲಿಯೇ ಉಳಿದಿರುತ್ತದೆ. ಒಂದು ಮೀನಿಗೆ ಬಂದರೂ ಇಡೀ ಟ್ಯಾಂಕಿಗೆ ಚಿಕಿತ್ಸೆ ಬೇಕು.

ಬಿಸಿ ಮಾಡುವುದು: ಕಾಲ ನೋಡಿ

ಇಕ್ ಹುಟ್ಟಿ ಬೆಳೆದು ಮರಿ ಮಾಡುವ ವೇಗ ನೀರಿನ ಬಿಸಿಗೆ ತಕ್ಕಂತೆ. 25 ಡಿಗ್ರಿಯಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ. ತಂಪು ನೀರಿನಲ್ಲಿ ಹಲವು ವಾರ ಎಳೆಯುತ್ತದೆ. 30 ಡಿಗ್ರಿ ದಾಟಿದರೆ ಅದು ಮರಿ ಮಾಡುವುದೇ ಕಷ್ಟ. ಮೀನಿನ ಚರ್ಮದ ಕೆಳಗೆ ಇರುವಾಗಲೂ, ತಳದಲ್ಲಿ ಗೂಡು ಕಟ್ಟಿದಾಗಲೂ ಯಾವ ಮದ್ದೂ ಅದಕ್ಕೆ ತಾಗುವುದಿಲ್ಲ. ಗೂಡು ಒಡೆದು ಈಜುವ ಒಂದೆರಡು ದಿನ ಮಾತ್ರ ಅದು ನಮ್ಮ ಕೈಗೆ ಸಿಗುತ್ತದೆ. ಚುಕ್ಕೆ ಹೋಯಿತು ಅಂತ ಮೂರನೇ ದಿನಕ್ಕೆ ಮದ್ದು ನಿಲ್ಲಿಸಿದರೆ ಅದು ಇನ್ನೂ ಜೋರಾಗಿ ಮರಳುವುದು ಇದೇ ಕಾರಣಕ್ಕೆ.

ಬೀದರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳ ಚಳಿ ಗೊತ್ತಲ್ವಾ. ಹಗಲು ಬೆಚ್ಚಗೆ, ರಾತ್ರಿ ಥಂಡಿ. ಈ ಏರಿಳಿತವೇ ಮೀನನ್ನು ಸೋಲಿಸುತ್ತದೆ, ಇಕ್ ಬರುವುದೂ ಆಗಲೇ. ಆಗ ಹೀಟರ್ ಹಾಕಿ, ಗಂಟೆಗೆ ಒಂದು ಡಿಗ್ರಿ ಮೀರದಂತೆ 30ಕ್ಕೆ ಏರಿಸಿ, ಕೊನೆಯ ಚುಕ್ಕೆ ಹೋದ ಮೇಲೂ ಕೆಲವು ದಿನ ಹಾಗೇ ಇಡಿ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 50 ಲೀಟರ್ ಟ್ಯಾಂಕಿಗೆ 50 ವ್ಯಾಟ್ ಹೀಟರ್ ಸಾಕು. ಟೆಟ್ರಾ, ಲೋಚ್ ಇರುವ ಟ್ಯಾಂಕಿಗೆ ಉಪ್ಪಿಗಿಂತ ಬಿಸಿಯೇ ಒಳ್ಳೆಯ ಆಯ್ಕೆ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಅದಕ್ಕೆ ಬಿಸಿಗಿಂತ ಉಪ್ಪು.

ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ನೀರು ತಾನೇ 30 ದಾಟಿರುತ್ತದೆ. ಆಗ ಹೀಟರ್ ಮಾತೇ ಬೇಡ. ಏರ್ ಪಂಪ್ ಜೋರು ಮಾಡಿ, ಟ್ಯಾಂಕನ್ನು ಕಿಟಕಿಯ ಬಿಸಿಲಿನಿಂದ ಸರಿಸಿ. ಇನ್ನು ಬಾಯಿಯ ಸುತ್ತ ಬಿಳಿ ಪಟ್ಟೆ ಇದ್ದರೆ, ಅಂದರೆ ಕಾಲಮ್ನಾರಿಸ್ ಅನುಮಾನ ಇದ್ದರೆ, ಯಾವ ಕಾಲದಲ್ಲೂ ಬಿಸಿ ಏರಿಸಬೇಡಿ. ಆ ಬ್ಯಾಕ್ಟೀರಿಯಾ ಬಿಸಿಯಲ್ಲಿ ಇನ್ನೂ ವೇಗವಾಗಿ ಬೆಳೆಯುತ್ತದೆ. ಇಕ್ ಮತ್ತು ಕಾಲಮ್ನಾರಿಸ್ ನಡುವಿನ ಗೊಂದಲ ಮೀನಿನ ಜೀವಕ್ಕೆ ಬರುವುದು ಇಲ್ಲಿ.

ಬಾದಾಮಿ ಎಲೆ

ಶಾಲೆಯ ಅಂಗಳದಲ್ಲಿ, ಉದ್ಯಾನದಲ್ಲಿ, ರಸ್ತೆ ಬದಿಯಲ್ಲಿ ಕೊಡೆ ಬಿಚ್ಚಿ ನಿಂತಿರುವ ಕಾಡು ಬಾದಾಮಿ ಮರ ಎಲ್ಲರಿಗೂ ಪರಿಚಯ. ಎಲೆ ಕೆಂಪಾಗಿ ಉದುರುತ್ತದೆ. ಇದೇ ಎಲೆಯನ್ನು ಅಂಗಡಿಯಲ್ಲಿ ಪಾಕೀಟು ಮಾಡಿ ಮಾರುತ್ತಾರೆ. ನೀರಿನಲ್ಲಿ ನೆನೆದರೆ ಟ್ಯಾನಿನ್ ಬಿಡುತ್ತದೆ, ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಈ ಟ್ಯಾನಿನ್‌ಗೆ ಬ್ಯಾಕ್ಟೀರಿಯಾವನ್ನೂ ಬೂಸ್ಟನ್ನೂ ಮೆಲ್ಲಗೆ ತಡೆಯುವ ಗುಣ ಇದೆ.

ಮೆಲ್ಲಗೆ ಎಂಬುದನ್ನು ನೆನಪಿಡಿ. ಫೈಟರ್ ಮೀನಿನ ರೆಕ್ಕೆ ಹರಿದಿದೆ, ಹೊಸ ಮೀನು ಹೆದರಿ ಬಣ್ಣ ಕಳೆದುಕೊಂಡಿದೆ, ಮೊಟ್ಟೆಗೆ ಬೂಸ್ಟು ಹಿಡಿಯಬಾರದು, ಇಂಥ ಕಡೆ ಎಲೆ ಭಾಳ ಒಳ್ಳೆಯದು. ಇಕ್, ವೆಲ್ವೆಟ್ ಬಂದಾಗ ಎಲೆಯನ್ನೇ ನಂಬಿ ಕೂತರೆ ಮೀನು ಹೋಗುತ್ತದೆ. ಗಿಡ ಇರುವ ಟ್ಯಾಂಕಿನಲ್ಲಿ, ಸಣ್ಣ ರೆಕ್ಕೆ ಕೊಳೆತಕ್ಕೆ, ಉಪ್ಪಿಗಿಂತ ಎಲೆಯನ್ನೇ ನಾನು ಮೊದಲು ಹೇಳುತ್ತೇನೆ. ಫೈಟರ್‌ಗೆ ಎರಡೂ ಕೊಡಬಹುದು, ಲೀಟರಿಗೆ 1 ಗ್ರಾಂ ಉಪ್ಪು, ಜೊತೆಗೆ ಎಲೆ.

ತಾನಾಗಿ ಉದುರಿ ಒಣಗಿದ ಎಲೆಯನ್ನೇ ಆರಿಸಿ. ಹಸಿರು ಎಲೆ ನೀರಿನಲ್ಲಿ ಕೊಳೆಯುತ್ತದೆ. ವಾಹನದ ಹೊಗೆ ಕುಡಿದ ರಸ್ತೆ ಬದಿಯ ಎಲೆ ಬೇಡ, ಔಷಧಿ ಹೊಡೆದ ತೋಟದ್ದೂ ಬೇಡ. ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಇಟ್ಟುಕೊಳ್ಳಿ. 30 ರಿಂದ 40 ಲೀಟರಿಗೆ ಒಂದು ದೊಡ್ಡ ಎಲೆ ಸಾಕು. ಎರಡು ಮೂರು ವಾರಕ್ಕೆ ಬದಲಿಸಿ. ಫಿಲ್ಟರಿನಲ್ಲಿ ಇದ್ದಿಲು, ಅಂದರೆ ಕಾರ್ಬನ್, ಇದ್ದರೆ ತೆಗೆಯಿರಿ. ಇಲ್ಲವಾದರೆ ಅದು ಟ್ಯಾನಿನ್ ಎಲ್ಲವನ್ನೂ ಹೀರಿಬಿಡುತ್ತದೆ.

ಎಲೆ ಹಾಕಿದರೆ ಪಿಎಚ್ ಇಳಿಯುತ್ತದೆ ಅನ್ನುತ್ತಾರೆ. ನಮ್ಮ ಬೋರಿನ ನೀರಿನಲ್ಲಿ ಅದು ಇಳಿಯುವುದು ಕಷ್ಟ. ನೀರಿನಲ್ಲಿ ಕರಗಿದ ಕಾರ್ಬೊನೇಟ್‌ಗಳು ಎಲೆಯ ಹುಳಿಯನ್ನು ನುಂಗಿಬಿಡುತ್ತವೆ. ಇಳಿಯಲಿಲ್ಲ ಅಂತ ಹತ್ತು ಎಲೆ ತುರುಕಬೇಡಿ, ಟ್ಯಾನಿನ್ ತನ್ನ ಕೆಲಸ ಮಾಡಿಯೇ ಇರುತ್ತದೆ. ಇದಕ್ಕೆ ವಿರುದ್ಧವಾದ ಅಪಾಯ ಆರ್‌ಒ ನೀರಿನದು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಬರೀ ಅದನ್ನೇ ತುಂಬಿಸಿದ ಟ್ಯಾಂಕಿನಲ್ಲಿ ಪಿಎಚ್ ಹಿಡಿದಿಡುವ ಶಕ್ತಿ ತೀರಾ ಕಡಿಮೆ. ಅಲ್ಲಿ ಎಲೆ ಜಾಸ್ತಿಯಾದರೆ ಪಿಎಚ್ ಧಡಕ್ಕನೆ ಬೀಳಬಹುದು. ಆರ್‌ಒ ನೀರು ಬಳಸುವುದಾದರೆ ಅರ್ಧ ಬೋರಿನ ನೀರು ಬೆರೆಸಿ.

ಒಣಗಿದ ಸೀಬೆ ಎಲೆ, ಬಾಳೆ ಎಲೆಗೂ ಇಂಥದೇ ಹೆಸರಿದೆ. ಬಾದಾಮಿ ಎಲೆ ಸಿಗುವ ಊರಿನಲ್ಲಿ ಅವುಗಳ ಹಿಂದೆ ಹೋಗುವ ಅಗತ್ಯ ಇಲ್ಲ.

ಬೆಳ್ಳುಳ್ಳಿ, ಬಟಾಣಿ, ಉಪವಾಸ

ಬೆಳ್ಳುಳ್ಳಿ ನೀರಿಗೆ ಹಾಕುವ ಮದ್ದು ಅಲ್ಲ, ಊಟಕ್ಕೆ ಸೇರಿಸುವಂಥದ್ದು. ಕಾಯಿಲೆ ಬಿದ್ದ ಮೀನು ತಿನ್ನುವುದು ಬಿಟ್ಟಾಗ ಅದರ ವಾಸನೆ ಹಸಿವು ಹುಟ್ಟಿಸುತ್ತದೆ. ಒಂದು ಎಸಳನ್ನು ಜಜ್ಜಿ ಹತ್ತು ನಿಮಿಷ ಬಿಡಿ. ಅಲಿಸಿನ್ ಎಂಬ ಅಂಶ ಹುಟ್ಟುವುದು ಜಜ್ಜಿದ ಮೇಲೆಯೇ. ರಸ ಹಿಂಡಿ, ಆಹಾರದ ಕಾಳನ್ನು ಅದರಲ್ಲಿ ನೆನೆಸಿ ಕೊಡಿ. ಬೆಳ್ಳುಳ್ಳಿಯಿಂದಲೇ ಇಕ್ ಹೋಯಿತು ಅನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಉಪ್ಪಿನ ಜೊತೆಗೆ ಕೊಡಿ, ಉಪ್ಪಿನ ಬದಲಿಗೆ ಬೇಡ. ಎಸಳನ್ನು ಟ್ಯಾಂಕಿನಲ್ಲಿ ಬಿಟ್ಟರೆ ಕೊಳೆತು ನೀರು ಕೆಡುತ್ತದೆ.

ಗೋಲ್ಡ್‌ಫಿಶ್ ಓರೆಯಾಗಿ ತೇಲುತ್ತಿದೆ, ಹೊಟ್ಟೆ ಉಬ್ಬಿದೆ, ಆದರೆ ಹುರುಪೆ ಎದ್ದಿಲ್ಲ ಎಂದರೆ ಅದು ಬಹಳ ಸಲ ಮಲಬದ್ಧತೆ. ಎರಡು ದಿನ ಉಪವಾಸ ಕೆಡವಿ. ದೊಡ್ಡ ಮೀನು ಎರಡು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ. ಮೂರನೇ ದಿನ ಬೇಯಿಸಿದ ಹಸಿ ಬಟಾಣಿಯ ಸಿಪ್ಪೆ ತೆಗೆದು, ಚೂರು ಮಾಡಿ ಕೊಡಿ. ಚುರುಮುರಿ, ಬ್ರೆಡ್ ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಫೈಟರ್ ಮಾಂಸ ತಿನ್ನುವ ಮೀನು, ಅದಕ್ಕೆ ಬಟಾಣಿ ಹೊಂದುವುದಿಲ್ಲ. ಉಪವಾಸವೇ ಸಾಕು. ಇದರಿಂದಲೂ ಇಳಿಯದಿದ್ದರೆ ಮೆಡಿಕಲ್ ಅಂಗಡಿಯ ಎಪ್ಸಮ್ ಸಾಲ್ಟ್ ಇದೆ. ಹೆಸರಿನಲ್ಲಿ ಸಾಲ್ಟ್ ಇದ್ದರೂ ಅದು ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್. ಬೇರೆ ಪಾತ್ರೆಯಲ್ಲಿ ಟ್ಯಾಂಕಿನದೇ ನೀರು ತೆಗೆದು, ಲೀಟರಿಗೆ 3 ಗ್ರಾಂ ಕರಗಿಸಿ, 15 ನಿಮಿಷ ಮೀನನ್ನು ಬಿಟ್ಟು ಮರಳಿ ಹಾಕಿ.

ಅರಿಶಿನ ಮತ್ತು ಬೇವು: ಬೇಡ

ಈ ಎರಡರ ಮೇಲೆ ನಮಗೆಲ್ಲ ಪ್ರೀತಿ ಇದೆ. ನಮ್ಮ ಗಾಯಕ್ಕೆ ಅರಿಶಿನ, ಅಂಗಳಕ್ಕೆ ಬೇವು. ಆದರೆ ಮೀನು ಆ ನೀರನ್ನೇ ಉಸಿರಾಡುತ್ತದೆ. ಅರಿಶಿನ ನೀರಿನಲ್ಲಿ ಕರಗುವುದೇ ಇಲ್ಲ. ಪುಡಿಯಾಗಿ ತೇಲಿ ಕಿವಿರಿಗೆ ಹತ್ತುತ್ತದೆ, ಫಿಲ್ಟರಿನ ಸ್ಪಂಜು ಕಟ್ಟುತ್ತದೆ.

ಮೀನು ಸಾಕುವ ರೈತರು ಕೆರೆಗೆ ಸುಣ್ಣ, ಅರಿಶಿನ ಹಾಕುತ್ತಾರಲ್ಲ ಅಂತ ಕೇಳುವವರಿದ್ದಾರೆ. ಅದು ನಿಜ. ಮೀನಿಗೆ ಹುಣ್ಣು ಬರುವ ಇಯುಎಸ್ ಎಂಬ ರೋಗ 1988ರಲ್ಲಿ ಭಾರತಕ್ಕೆ ಬಂದಾಗಿನಿಂದ ಹಲವು ಕಡೆ ರೈತರು ಈ ಜೋಡಿಯನ್ನು ಬಳಸುತ್ತಾ ಬಂದಿದ್ದಾರೆ. ಅಲ್ಲಿ ಸಾವಿರಾರು ಘನ ಮೀಟರ್ ನೀರು, ಕೆಳಗೆ ಮಣ್ಣು, ಮೇಲೆ ಗಾಳಿ. 50 ಲೀಟರ್ ಗಾಜಿನ ಪೆಟ್ಟಿಗೆಗೆ ಅದೇ ಲೆಕ್ಕ ಹಾಕಲು ಬರುವುದಿಲ್ಲ. ಚೂರು ಸುಣ್ಣ ಬಿದ್ದರೂ ಪಿಎಚ್ ಮೇಲಕ್ಕೆ ಹಾರಿ, ಇದ್ದ ಅಮೋನಿಯಾ ಎಲ್ಲ ವಿಷವಾಗುತ್ತದೆ.

ಬೇವು ಇನ್ನೂ ಅಪಾಯ. ಹುಳ ಸಾಯಿಸುವ ಅದರ ಅಂಶಗಳು ಜಾಸ್ತಿಯಾದರೆ ಮೀನಿಗೂ ವಿಷ. ಒಂದು ಎಲೆಯಲ್ಲಿ ಎಷ್ಟಿದೆ ಅಂತ ಮನೆಯಲ್ಲಿ ಅಳೆಯಲು ದಾರಿ ಇಲ್ಲ. ಬೇವಿನೆಣ್ಣೆ ಹಾಕಿದರೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಫೈಟರ್, ಗೌರಾಮಿಗಳು ಮೇಲೆ ಬಂದು ಗಾಳಿ ಕುಡಿಯುವ ಮೀನುಗಳು. ಅವಕ್ಕೆ ಆ ಪೊರೆ ಉಸಿರು ಕಟ್ಟಿಸುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ತಿಳಿಯಾಗಲಿ ಅಂತ ಫಟಕಡಿ ಆಡಿಸುವುದೂ ಮೀನಿನ ಟ್ಯಾಂಕಿಗೆ ಹೊಂದುವುದಿಲ್ಲ. ನೀರನ್ನು ಬಕೆಟ್ಟಿನಲ್ಲಿ ಎರಡು ದಿನ ತಿಳಿಯಾಗಲು ಬಿಡಿ.

ಮನೆಮದ್ದು ಬಿಡಬೇಕಾದ ಹೊತ್ತು

ಸಹಜ ಮದ್ದೇ ಬೇಕು ಎಂಬ ಹಟದಲ್ಲಿ ಮೀನನ್ನು ನರಳಿಸಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಇಕ್‌ಗೆ ಉಪ್ಪು ಮತ್ತು ಬಿಸಿ ಕೊಟ್ಟು ಐದು ದಿನವಾದರೂ ಚುಕ್ಕೆ ಹೆಚ್ಚುತ್ತಲೇ ಇದ್ದರೆ ಮ್ಯಾಲಕೈಟ್ ಗ್ರೀನ್ ಇರುವ ಇಕ್ ಔಷಧಿಗೆ ಹೋಗಿ. ಹುರುಪೆ ಇಲ್ಲದ ಮೀನಿಗೆ ಅರ್ಧ ಪ್ರಮಾಣ. ಮಕ್ಕಳ ಕೈಗೆ ಸಿಗದಂತೆ ಇಡಿ, ಕೈಗೆ ಗ್ಲೌಸ್ ಹಾಕಿ. ವೆಲ್ವೆಟ್‌ಗೆ ಉಪ್ಪಿನ ಜೊತೆ ಟ್ಯಾಂಕಿಗೆ ಬಟ್ಟೆ ಹೊದಿಸಿ ಕತ್ತಲು ಮಾಡಿ ನೋಡಿ, ಆ ಜೀವಿಗೆ ಬೆಳಕು ಬೇಕು. ಎರಡು ಮೂರು ದಿನದಲ್ಲಿ ಸುಧಾರಿಸದಿದ್ದರೆ ಔಷಧಿ. ಬೂಸ್ಟಿಗೆ ಮಿಥಿಲೀನ್ ಬ್ಲೂ ಒಳ್ಳೆಯದು. ಅಂಗಡಿಯವರ ಆ ನೀಲಿ ಬಾಟಲಿ ಹೆಚ್ಚಾಗಿ ಇದೇ. ಅದನ್ನು ಬೇರೆ ಟಬ್ಬಿನಲ್ಲೇ ಬಳಸಿ. ದೊಡ್ಡ ಟ್ಯಾಂಕಿಗೆ ಹಾಕಿದರೆ ಗಿಡ ಹಾಳು, ಗಾಜಿನ ಅಂಟು ನೀಲಿ, ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ಕಾಲಮ್ನಾರಿಸ್‌ಗೆ ಕಾಯುವುದೇ ಬೇಡ. ಅದು ಒಂದೆರಡು ದಿನದಲ್ಲಿ ಕೊಲ್ಲಬಲ್ಲದು. ಇಲ್ಲಿ ಆಂಟಿಬಯಾಟಿಕ್ ಬೇಕಾಗುತ್ತದೆ. ಮೆಡಿಕಲ್ ಅಂಗಡಿಯಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ಒಡೆದು ನೀರಿಗೆ ಹಾಕುವ ರೂಢಿ ಇದೆ. ನಮ್ಮ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧಿಯನ್ನು ಹಿಡಿದುಬಿಡುತ್ತವೆ. ಮೀನಿಗೆ ಸಿಗುವುದು ಅಷ್ಟಕ್ಕಷ್ಟೇ, ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೇ ಒಗ್ಗಿಕೊಳ್ಳುತ್ತದೆ. ಪಶುವೈದ್ಯರನ್ನು ಕೇಳಿಯೇ ಕೊಡಿ. ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ. ಪಶುವೈದ್ಯಕೀಯ ಮತ್ತು ಮೀನುಗಾರಿಕೆ ವಿಜ್ಞಾನಗಳ ರಾಜ್ಯ ವಿಶ್ವವಿದ್ಯಾಲಯದ ಕೇಂದ್ರ ಬೀದರಿನ ನಂದಿನಗರದಲ್ಲೇ ಇದೆ. ಕೇಳಲು ಹೋಗುವಾಗ ಮೀನಿನ ವಿಡಿಯೋ, ಒಂದು ಬಾಟಲಿ ಟ್ಯಾಂಕಿನ ನೀರು, ಈವರೆಗೆ ಏನೇನು ಎಷ್ಟು ಹಾಕಿದ್ದೀರಿ ಎಂಬ ಚೀಟಿ ಜೊತೆಗಿರಲಿ.

ಡ್ರಾಪ್ಸಿಯಲ್ಲಿ ಹುರುಪೆ ಎದ್ದು ನಿಂತ ಮೇಲೆ ಮೀನು ಉಳಿಯುವುದು ಅಪರೂಪ, ಒಳಗಿನ ಅಂಗಗಳೇ ಸೋತಿರುತ್ತವೆ. ಎಪ್ಸಮ್ ಸಾಲ್ಟ್ ಊತವನ್ನು ಸ್ವಲ್ಪ ಇಳಿಸುತ್ತದೆ, ಅಷ್ಟೇ. ತಿನ್ನದೆ, ಏಳದೆ ಬಿದ್ದಿರುವ ಮೀನನ್ನು ಬದುಕಿರುವಾಗಲೇ ಚರಂಡಿಗೆ ಎಸೆಯುವುದು ಕ್ರೂರ. ಲವಂಗದ ಎಣ್ಣೆಯಿಂದ ನೋವಿಲ್ಲದೆ ನಿದ್ದೆಗೆ ಜಾರಿಸುವ ವಿಧಾನ ಇದೆ. ಪಶುವೈದ್ಯರ ಹತ್ತಿರ ಅಳತೆ ಕೇಳಿಕೊಳ್ಳಿ.

ವಾಸಿಯಾದ ಮೇಲೆ

ಉಪ್ಪನ್ನು ಒಮ್ಮೆಲೇ ತೆಗೆಯಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುತ್ತಾ, ಉಪ್ಪಿಲ್ಲದ ನೀರು ತುಂಬುತ್ತಾ ಹೋಗಿ. ಬಲೆ, ಪೈಪು, ಬಕೆಟ್ಟನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ನಮ್ಮ ಬಿಸಿಲು ಈ ಒಂದು ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಒಣಗಿದರೆ ಇಕ್ ಬದುಕುವುದಿಲ್ಲ. ಹೊಸ ಮೀನು ತಂದರೆ 20 ಲೀಟರಿನ ಟಬ್ಬಿನಲ್ಲಿ, ಸ್ಪಂಜ್ ಫಿಲ್ಟರ್ ಹಾಕಿ, ಎರಡು ಮೂರು ವಾರ ಬೇರೆಯೇ ಇಡಿ. ಅಂಗಡಿಗೆ ಬರುವ ಮೀನು ದೂರದ ಊರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಳಲಿ ಬಂದಿರುತ್ತದೆ. ಆ ಟಬ್ಬಿಗೆ ಒಂದು ಬಾದಾಮಿ ಎಲೆ ಹಾಕಿ. ಅಂಗಡಿಯ ಚೀಲದ ನೀರನ್ನು ಮಾತ್ರ ನಿಮ್ಮ ಟ್ಯಾಂಕಿಗೆ ಸುರಿಯಬೇಡಿ, ಗಿಡದ ಕುಂಡಕ್ಕೆ ಹಾಕಿ.